ಮನೆಯ ರೆಕಾರ್ಡಿಂಗ್ ಬೂತ್: ಗೋಡೆಗೆ ಫೋಮ್ ಅಂಟಿಸಿದಿರಿ, ನೆಲಕ್ಕೇನು ಮಾಡಿದಿರಿ?

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಾನಿರುವುದು ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಮಾಲೀಕರ ಕುಟುಂಬ. ಕಥೆ ಓದಿ ರೆಕಾರ್ಡ್ ಮಾಡಿಕೊಡುವ ಕೆಲಸ ಸಿಕ್ಕಾಗ ಹಾಲ್‌ನ ಒಂದು ಮೂಲೆಯಲ್ಲಿ ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಏಳಡಿ ಎತ್ತರದ ಪ್ಲೈವುಡ್ ಗೂಡು ಕಟ್ಟಿಸಿದೆ. ಒಳಗೋಡೆ ತುಂಬ ಕಪ್ಪು ಫೋಮ್. ಬಾಗಿಲು ಹಾಕಿಕೊಂಡು ಮಾತಾಡಿದರೆ ದನಿ ಎಲ್ಲೂ ಗುಂಯ್ ಎನ್ನುತ್ತಿರಲಿಲ್ಲ. ಕೆಲಸ ಮುಗಿಯಿತು ಅಂದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಹತ್ತಿರ ತಡೆದು ಕೇಳಿದರು: "ಏನಮ್ಮಾ, ರಾತ್ರಿ ಹನ್ನೊಂದು ಗಂಟೇಲಿ ಮಂಚ ಎಳೀತಿದ್ಯಲ್ಲ?"

ಎಳೆದದ್ದು ಮಂಚವಲ್ಲ, ಬೂತ್ ಒಳಗಿನ ಸ್ಟೂಲು. ಅದೂ ಒಂದು ಗೇಣು. "ನಾನು ಜೋರಾಗಿ ಓದೋದು ಕೇಳ್ಸುತ್ತಾ ಅಜ್ಜಿ?" ಅಂದೆ. "ಓದೋದಾ? ಅದೇನೂ ಕೇಳ್ಸಲ್ಲ" ಅಂದರು.

ಅದೇ ವಾರ ಇನ್ನೊಂದು ತೊಂದರೆ ಕಂಡಿತು. ಬೆಂಗಳೂರು–ಅರಸೀಕೆರೆ ರೈಲು ಮಾರ್ಗ ನಮ್ಮ ಬಡಾವಣೆಯ ಪಕ್ಕದಲ್ಲೇ ಹೋಗುತ್ತದೆ. ರೈಲಿನ ಹಾರ್ನ್ ಬೂತ್ ಒಳಗೆ ಸಣ್ಣಗೆ ಕೇಳುತ್ತಿತ್ತು, ಅದು ನಿರೀಕ್ಷಿಸಿದ್ದೇ. ಆದರೆ ಹಾರ್ನ್ ಇಲ್ಲದೆ ಗೂಡ್ಸ್ ರೈಲು ಹೋದಾಗಲೂ ರೆಕಾರ್ಡಿಂಗ್‌ನಲ್ಲಿ ಗುಡುಗುಡು ಎಂಬ ತಳದ ಸದ್ದು ಉಳಿಯುತ್ತಿತ್ತು. ಕೆಳಗೆ ಮಿಕ್ಸಿ ಹಾಕಿದರೂ ಅಷ್ಟೇ. ನನ್ನ ಸದ್ದು ಕೆಳಕ್ಕೆ, ಅವರ ಸದ್ದು ಮೇಲಕ್ಕೆ. ಎರಡಕ್ಕೂ ದಾರಿ ಒಂದೇ, ನಾನು ಗಮನವೇ ಕೊಡದಿದ್ದ ನೆಲ.

ಮನೆಯಲ್ಲೇ ಸ್ಟುಡಿಯೋ ಮಾಡಿಕೊಳ್ಳುವುದು ನಮ್ಮವರಿಗೆ ಹೊಸದೇನಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್‌ನಲ್ಲಿ ಬಾನುಲಿ ಪ್ರಸಾರ ಆರಂಭಿಸಿದ್ದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ. 'ಆಕಾಶವಾಣಿ' ಎಂಬ ಹೆಸರು ಬಂದದ್ದೂ ಆ ನಿಲಯದಿಂದ. ಈಗ ಪಾಡ್‌ಕಾಸ್ಟ್, ಆಡಿಯೋ ಪುಸ್ತಕ, ಯೂಟ್ಯೂಬ್ ವಾಯ್ಸ್ ಓವರ್ ಅಂತ ಎಷ್ಟೋ ಜನ ಕೋಣೆಯ ಮೂಲೆಯಲ್ಲಿ ಮೈಕ್ ಇಟ್ಟುಕೊಂಡಿದ್ದಾರೆ. ಅವರಲ್ಲಿ ಬಹುತೇಕರು ಮೊದಲು ಕೊಳ್ಳುವುದು ಫೋಮ್. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಫೋಮ್ ಶಬ್ದ ತಡೆಯುತ್ತದೆಯೇ?

ಇಲ್ಲ. ಫೋಮ್ ಮಾಡುವುದು ಬೇರೆ ಕೆಲಸ. ಖಾಲಿ ಕೋಣೆಯಲ್ಲಿ ಮಾತಾಡಿದರೆ ದನಿ ಗೋಡೆಗೆ ಬಡಿದು ಮರಳಿ ಬರುತ್ತದೆ. ಫೋಮ್ ಆ ಮರಳುವ ದನಿಯನ್ನು ಹೀರುತ್ತದೆ, ರೆಕಾರ್ಡಿಂಗ್ ಸ್ವಚ್ಛವಾಗುತ್ತದೆ. ಆದರೆ ಗೋಡೆ ದಾಟಿ ಹೋಗುವ ಶಬ್ದವನ್ನು ನಿಲ್ಲಿಸಲು ತೂಕ ಬೇಕು, ಫೋಮಿಗೆ ತೂಕವೇ ಇಲ್ಲ. ಗೋಡೆಯ ತೂಕ ಎರಡು ಪಟ್ಟಾದರೆ ದಾಟುವ ಶಬ್ದ ಹೆಚ್ಚೆಂದರೆ 6 ಡೆಸಿಬಲ್ ಇಳಿಯುತ್ತದೆ ಎನ್ನುವುದು ಧ್ವನಿವಿಜ್ಞಾನದ ಹಳೆಯ ಲೆಕ್ಕ. ತೆಳು ಫೋಮ್ ತಗ್ಗು ಸದ್ದನ್ನು ಹೀರುವುದೂ ಇಲ್ಲ. 100 ಹರ್ಟ್ಸ್ ಸದ್ದಿನ ಒಂದು ಅಲೆ ಗಾಳಿಯಲ್ಲಿ ಸುಮಾರು 3.4 ಮೀಟರ್ ಉದ್ದ, ಎರಡಿಂಚು ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಮೊಟ್ಟೆ ಟ್ರೇ ಅಂಟಿಸುವ ಸಲಹೆಯೂ ಓಡಾಡುತ್ತಿರುತ್ತದೆ. ಅದು ಫೋಮ್ ಮಾಡುವಷ್ಟನ್ನೂ ಮಾಡುವುದಿಲ್ಲ, ಬೆಂಕಿ ತಗುಲಿದರೆ ಮಾತ್ರ ಚೆನ್ನಾಗಿ ಉರಿಯುತ್ತದೆ. ಬಿಟ್ಟುಬಿಡಿ.

ಮಾತು ನಿಂತಿತು, ಸ್ಟೂಲಿನ ಸದ್ದು ಏಕೆ ದಾಟಿತು?

ಅಜ್ಜಿ ಹೇಳಿದ ಮಾತಿನಲ್ಲೇ ಇದಕ್ಕೆ ಉತ್ತರವಿದೆ. ಮನೆಯೊಳಗೆ ಶಬ್ದ ಎರಡು ಬಗೆಯಲ್ಲಿ ಪ್ರಯಾಣ ಮಾಡುತ್ತದೆ. ಒಂದು, ಗಾಳಿಯಲ್ಲಿ ಹುಟ್ಟಿ ಗೋಡೆಗೆ ಬಡಿಯುವ ಶಬ್ದ: ಮಾತು, ಟಿವಿ, ಹಾರ್ನ್. ಇನ್ನೊಂದು, ಕಟ್ಟಡದ ಮೈಗೇ ನೇರವಾಗಿ ಬೀಳುವ ಪೆಟ್ಟು: ಹೆಜ್ಜೆ, ಎಳೆದ ಕುರ್ಚಿ, ನೆಲದ ಮೇಲಿಟ್ಟು ನುಡಿಸುವ ತಬಲ, ರೈಲಿನ ಅದುರು.

ನಾವು ಮೋಲ್ಡ್ ಎಂದು ಕರೆಯುವ ಕಾಂಕ್ರೀಟ್ ಚಪ್ಪಡಿ ಮೊದಲನೆಯದಕ್ಕೆ ಒಳ್ಳೆಯ ತಡೆ. ಐದಾರು ಇಂಚು ದಪ್ಪದ ಕಾಂಕ್ರೀಟಿಗೆ ಅಷ್ಟು ತೂಕವಿದೆ, ಸಾಮಾನ್ಯ ಮಾತಿನ 60 ಡೆಸಿಬಲ್ ದನಿಗೆ ಅದು ಜಗ್ಗುವುದೇ ಇಲ್ಲ. ಎರಡನೆಯದರ ವಿಷಯ ತದ್ವಿರುದ್ಧ. ಸ್ಟೂಲಿನ ಕಾಲು ನೆಲವನ್ನು ಕೆರೆದಾಗ ಶಬ್ದ ಗಾಳಿಯಿಂದ ಕಾಂಕ್ರೀಟಿಗೆ ನುಗ್ಗಲು ಕಷ್ಟಪಡಬೇಕಿಲ್ಲ, ಅದು ಹುಟ್ಟುವುದೇ ಕಾಂಕ್ರೀಟಿನಲ್ಲಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಕಾಂಕ್ರೀಟಿನಲ್ಲಿ 3,000 ಮೀಟರಿಗೂ ಹೆಚ್ಚು, ಹಾದಿಯಲ್ಲಿ ಸೋರಿಕೆಯೂ ಕಡಿಮೆ. ಇಡೀ ಚಪ್ಪಡಿ ಅದುರುತ್ತದೆ, ಕೆಳಗಿನವರ ಚಾವಣಿ ಸ್ಪೀಕರಿನಂತೆ ಕೆಲಸ ಮಾಡುತ್ತದೆ. ಪೈಪಿಗೆ ಕಿವಿಯಿಟ್ಟು ದೂರದ ಪಂಪ್ ಓಡುತ್ತಿದೆಯೇ ಎಂದು ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದು ಬರೀ ನೆರೆಹೊರೆಯ ಸೌಜನ್ಯದ ಪ್ರಶ್ನೆಯಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ನಮ್ಮಂಥವರು ರೆಕಾರ್ಡ್ ಮಾಡಲು ಆರಿಸಿಕೊಳ್ಳುವುದು ಊರು ಮಲಗಿದ ಅದೇ ಹೊತ್ತನ್ನು.

ರಬ್ಬರ್ ಹಾಸಿದರೆ ಸಾಕೇ?

ನಾನು ಮೊದಲು ಮಾಡಿದ್ದು ಅದನ್ನೇ. 10 ಮಿ.ಮೀ. ದಪ್ಪದ ಗಟ್ಟಿ ರಬ್ಬರ್ ಶೀಟ್ ತಂದು ಬೂತಿನ ತಳದಷ್ಟೂ ಅಗಲಕ್ಕೆ ಹಾಸಿದೆ. ಸ್ಟೂಲಿನ ಕೆರೆತ ತುಸು ತಗ್ಗಿತು. ಗೂಡ್ಸ್ ರೈಲಿನ ಗುಡುಗು ಒಂದು ಚೂರೂ ತಗ್ಗಲಿಲ್ಲ. ಹೆಚ್ಚು ರಬ್ಬರ್ ಹಾಕಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಎಲ್ಲಿ ತಪ್ಪುತ್ತದೆ ಎಂದು ಲೆಕ್ಕ ಹಾಕಿದ್ದು ಆಮೇಲೆ.

ರಬ್ಬರ್ ಅದುರನ್ನು 'ನುಂಗುತ್ತದೆ' ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಇಲ್ಲಿ ಸ್ಪ್ರಿಂಗ್. ಬೈಕಿನ ಶಾಕ್ ಅಬ್ಸಾರ್ಬರ್ ನೆನೆಸಿಕೊಳ್ಳಿ. ಅದು ಅಮುಕಿಕೊಂಡರೆ ಮಾತ್ರ ಹಳ್ಳದ ಪೆಟ್ಟು ನಿಮ್ಮ ಬೆನ್ನಿಗೆ ಬರುವುದಿಲ್ಲ. ಲಾರಿಯ ಸ್ಪ್ರಿಂಗನ್ನು ತಂದು ಸ್ಕೂಟರಿಗೆ ಹಾಕಿದರೆ ಅದು ಅಮುಕುವುದೇ ಇಲ್ಲ, ಕಬ್ಬಿಣದ ಸಲಾಕೆ ಹಾಕಿದಂತೆಯೇ.

ಮೇಲಿನ ಭಾರಕ್ಕೆ ಸ್ಪ್ರಿಂಗ್ ಎಷ್ಟು ಮಿಲಿಮೀಟರ್ ಕುಸಿಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 16ನ್ನು ಆ ಕುಸಿತದ ವರ್ಗಮೂಲದಿಂದ ಭಾಗಿಸಿ. ಬರುವ ಸಂಖ್ಯೆಯೇ ಬೂತ್ ತಾನಾಗಿ ಕುಪ್ಪಳಿಸುವ ಆವರ್ತನ, ಹರ್ಟ್ಸ್‌ಗಳಲ್ಲಿ. 1 ಮಿ.ಮೀ. ಕುಸಿದರೆ 16 ಹರ್ಟ್ಸ್, 4 ಮಿ.ಮೀ. ಕುಸಿದರೆ 8. ಆ ಸಂಖ್ಯೆಯ ಸುಮಾರು 1.4 ಪಟ್ಟಿಗಿಂತ ಮೇಲಿನ ಅದುರನ್ನಷ್ಟೇ ಸ್ಪ್ರಿಂಗ್ ತಡೆಯುತ್ತದೆ. ಅದರ ಕೆಳಗೆ ತಡೆಯುವುದಿಲ್ಲ. ಆ ಸಂಖ್ಯೆಯ ಆಸುಪಾಸಿನಲ್ಲಂತೂ ಅದುರನ್ನು ಇನ್ನಷ್ಟು ಜೋರು ಮಾಡುತ್ತದೆ.

ಈಗ ನನ್ನ ಶೀಟನ್ನು ನೋಡಿ. 18 ಮಿ.ಮೀ. ಪ್ಲೈವುಡ್ಡಿನ ಬೂತ್, ಚೌಕಟ್ಟು, ಬಾಗಿಲು, ಒಳಗೆ ನಾನು, ಎಲ್ಲ ಸೇರಿ ಸುಮಾರು 250 ಕಿಲೋ. ಅದು ಒಂದೂವರೆ ಚದರ ಮೀಟರ್ ರಬ್ಬರಿನ ಮೇಲೆ ಹರಡಿಕೊಂಡಿದೆ. ಗಟ್ಟಿ ರಬ್ಬರಿಗೆ ಆ ಒತ್ತಡ ಇರುವೆ ಹತ್ತಿದಂತೆ. ಅದು ಕುಸಿಯುವುದು ಮಿಲಿಮೀಟರಿನ ಸಾವಿರದ ಮೂರ್ನಾಲ್ಕು ಭಾಗ. ಲೆಕ್ಕ ಹಾಕಿದರೆ ಆವರ್ತನ 250 ಹರ್ಟ್ಸ್ ದಾಟುತ್ತದೆ. ರೈಲಿನಿಂದ ನೆಲದೊಳಗೆ ಹರಿದು ಬರುವ ಅದುರು ಹೆಚ್ಚಾಗಿ 100 ಹರ್ಟ್ಸ್‌ಗಿಂತ ಕೆಳಗಿನದು. ಅಂದರೆ ಆ ದುಬಾರಿ ಶೀಟ್ ರೈಲಿನ ಪಾಲಿಗೆ ಇದ್ದೂ ಇಲ್ಲದಂತೆ.

ಪರಿಹಾರ ಕಡಿಮೆ ರಬ್ಬರ್, ಮೆತ್ತಗಿನ ರಬ್ಬರ್, ದಪ್ಪ ರಬ್ಬರ್. ಶೀಟ್ ತೆಗೆದು 25 ಮಿ.ಮೀ. ದಪ್ಪದ ಮೆತ್ತನೆ ರಬ್ಬರಿನ ಎರಡಿಂಚು ಚೌಕದ ಎಂಟು ತುಂಡುಗಳನ್ನು ತಳದ ಚೌಕಟ್ಟಿನ ಕೆಳಗಿಟ್ಟೆ. ಅದೇ 250 ಕಿಲೋ ಈಗ ಎಂಟು ಸಣ್ಣ ಚೌಕಗಳ ಮೇಲೆ. ಒಂದೊಂದೂ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಕುಸಿಯಿತು. ಲೆಕ್ಕದಲ್ಲಿ 14 ಹರ್ಟ್ಸ್ ಬರುತ್ತದೆ. ರಬ್ಬರ್ ಸುಮ್ಮನೆ ಭಾರ ಹೊತ್ತಾಗಿಗಿಂತ ಅದುರುವಾಗ ಗಡುಸಾಗುವುದರಿಂದ 20ರವರೆಗೆ ಎಂದುಕೊಳ್ಳಿ. 30 ಹರ್ಟ್ಸ್‌ನಿಂದ ಮೇಲಕ್ಕೆ ವ್ಯತ್ಯಾಸ ಕಿವಿಗೇ ಗೊತ್ತಾಯಿತು. ಭಾರ ಬಿದ್ದ ಮೇಲೆ ತುಂಡು ತನ್ನ ದಪ್ಪದ ನೂರಕ್ಕೆ 5ರಿಂದ 15 ಭಾಗ ತಗ್ಗಬೇಕು. ಏನೂ ತಗ್ಗದಿದ್ದರೆ ತುಂಡುಗಳು ಹೆಚ್ಚಾಗಿವೆ ಅಥವಾ ಗಟ್ಟಿಯಾಗಿವೆ. ಪಕ್ಕಕ್ಕೆ ಉಬ್ಬಿಕೊಂಡರೆ ಕಡಿಮೆಯಾಗಿವೆ. ಅಂಗಡಿಯಲ್ಲಿ ಗಡಸುತನದ ಅಳತೆ ಕೇಳಿದರೆ ಎಲ್ಲರೂ ಹೇಳಲಾರರು. ಉಗುರಿನಿಂದ ಒತ್ತಿ ನೋಡಿ, ಪೆನ್ಸಿಲ್ ಅಳಿಸುವ ರಬ್ಬರಿಗೆ ಹತ್ತಿರವಿದ್ದರೆ ಸರಿ, ಟಯರಿನಂತಿದ್ದರೆ ಬೇಡ.

ಇಲ್ಲೊಂದು ಎಡವಟ್ಟು ಹೇಳಲೇಬೇಕು. ತುಂಡುಗಳ ಮೇಲೆ ಕೂತ ಬೂತ್ ಸ್ವಲ್ಪ ಅಲ್ಲಾಡುತ್ತದೆ, ಅಲ್ಲಾಡಲೇಬೇಕು. ಬಡಗಿಗೆ ಅದು ಸಹಿಸಲಿಲ್ಲ. "ಆಡ್ತಾ ಇದೆ ಮೇಡಂ, ನಾಲ್ಕು ಸ್ಕ್ರೂ ಹೊಡೆದುಬಿಡ್ತೀನಿ" ಎಂದು ಡ್ರಿಲ್ ಕೈಗೆತ್ತಿಕೊಂಡಿದ್ದರು. ಒಂದೇ ಒಂದು ಸ್ಕ್ರೂ ರಬ್ಬರನ್ನು ದಾಟಿ ನೆಲ ಮುಟ್ಟಿದರೂ ಅದುರಿಗೆ ಕಬ್ಬಿಣದ ಸೇತುವೆ ಸಿಕ್ಕಂತೆ, ಉಳಿದ ಕೆಲಸವೆಲ್ಲ ವ್ಯರ್ಥ. ಬೂತ್ ಗೋಡೆಗೆ ತಾಗಿದ್ದರೂ ಅಷ್ಟೇ. ನಾಲ್ಕೂ ಕಡೆ ಎರಡು ಬೆರಳಷ್ಟು ಜಾಗ ಬಿಡಿ.

ಮರದ ಅಟ್ಟಣೆ ಹಾಕಿದರೆ?

ಬೂತಿನೊಳಗೆ ಮರದ ನೆಲ ಮಾಡಿಸುವವರು ಟೊಳ್ಳನ್ನು ಮರೆಯುತ್ತಾರೆ. ಹಲಗೆಯ ಕೆಳಗೆ ಖಾಲಿ ಜಾಗವಿದ್ದರೆ ಅದು ಡೋಲು. ಪಕ್ಕದ ಗುಬ್ಬಿಯಿಂದ ನಾಡಿಗೆಲ್ಲ ಕಂಪನಿ ನಾಟಕ ಕೊಟ್ಟ ಜಿಲ್ಲೆ ನಮ್ಮದು. ಹಲಗೆ ರಂಗದ ಮೇಲೆ ಭೀಮ ಹೆಜ್ಜೆಯಿಟ್ಟರೆ ಧಡ್ ಎಂದು ಮೊಳಗುವುದನ್ನು ಕೇಳಿದವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಅದು ಭೀಮನಿಗೆ ಶೋಭೆ. ಮೈಕ್ ಮುಂದೆ ಕಾಲು ಬದಲಿಸಿದರೂ ಅದೇ ಮೊಳಗು ಬಂದರೆ ಕಷ್ಟ. ತೊಲೆಗಳ ನಡುವಿನ ಟೊಳ್ಳಿಗೆ ರಾಕ್‌ವೂಲ್ ತುಂಬಿಸಿ, ಮೇಲೆ ಒಂದರ ಬದಲು ಎರಡು ಪದರ ಪ್ಲೈ ಹಾಕಿಸಿ.

ತಿಪಟೂರು, ಗುಬ್ಬಿ, ತುರುವೇಕೆರೆಯ ತೆಂಗಿನ ಸೀಮೆಯಲ್ಲಿದ್ದುಕೊಂಡು ತೆಂಗಿನ ನಾರಿನ ಬಗ್ಗೆ ಹೇಳದಿರಲು ಸಾಧ್ಯವೇ? ಹಾಸಿಗೆಗೆ ಬಳಸುವ ರಬ್ಬರ್ ಬೆರೆಸಿದ ನಾರಿನ ಹಾಳೆಯೂ ಸ್ಪ್ರಿಂಗೇ. ಪ್ಲೈ ಪದರಗಳ ನಡುವೆ ಹಾಕಿದರೆ ಹೆಜ್ಜೆಯ ಪೆಟ್ಟು ತಗ್ಗುತ್ತದೆ. ಆದರೆ ವರ್ಷಗಟ್ಟಲೆ ಭಾರ ಹೊತ್ತು ಅದು ಚಪ್ಪಟೆಯಾಗುತ್ತದೆ, ತೇವ ಹಿಡಿಯುತ್ತದೆ. ಇಡೀ ಬೂತಿನ ಭಾರವನ್ನು ಅದರ ಮೇಲೆ ಬಿಡಲು ನನಗೆ ಧೈರ್ಯವಿಲ್ಲ.

ಮೋಲ್ಡ್ ತಡೆಯುತ್ತದೆಯೇ?

ಮಾಲೀಕರು ಕೇಳಿದ ಮೊದಲ ಪ್ರಶ್ನೆ ಇದೇ, ಕೇಳಬೇಕಾದದ್ದೂ ಹೌದು. ಭಾರತೀಯ ಮಾನಕ 875ರ ಎರಡನೆಯ ಭಾಗ ವಾಸದ ಕೋಣೆಗಳ ನೆಲವನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ ಹೊರುವಂತೆ ವಿನ್ಯಾಸ ಮಾಡಲು ಹೇಳುತ್ತದೆ. ನನ್ನ ಬೂತ್ ಚದರ ಮೀಟರಿಗೆ ಸುಮಾರು 170 ಕಿಲೋ, ಮಿತಿಯೊಳಗಿದೆ. ಶಬ್ದ ಇನ್ನೂ ತಗ್ಗಲಿ ಎಂದು ಗೋಡೆಗೆ, ಚಾವಣಿಗೆ ಎರಡು ಪದರ ಜಿಪ್ಸಮ್ ಬೋರ್ಡ್ ಹೊಡೆಸಿದ್ದರೆ ಇನ್ನೂ 200 ಕಿಲೋ ಸೇರಿ ಚದರ ಮೀಟರಿಗೆ 300 ದಾಟುತ್ತಿತ್ತು.

ಹಾಗೆಂದು ದಾಟಿದ ಕ್ಷಣವೇ ಮೋಲ್ಡ್ ಕುಸಿಯುತ್ತದೆ ಎಂದಲ್ಲ. ಆ 200 ಕಿಲೋ ಇಡೀ ಕೋಣೆಯ ನೆಲ ತುಂಬ ಭಾರ ಇದೆ ಎಂದು ಭಾವಿಸಿ ಹಾಕುವ ಲೆಕ್ಕ, ಬೂತ್ ಇರುವುದು ಒಂದು ಮೂಲೆಯಲ್ಲಿ. ತುಂಬಿದ 200 ಲೀಟರಿನ ನೀರಿನ ಡ್ರಮ್ ಕಾಲು ಚದರ ಮೀಟರ್ ಜಾಗದಲ್ಲಿ 200 ಕಿಲೋ ಇಳಿಸುತ್ತದೆ, ಅಂಥವನ್ನು ನಾವು ಬಚ್ಚಲಲ್ಲಿ ಇಟ್ಟುಕೊಂಡೇ ಬಂದಿದ್ದೇವೆ. ಆದರೆ ಹಳೆಯ ಮನೆ, ಚಾವಣಿಯ ಕೆಳಗೆ ಸಿಮೆಂಟ್ ಉದುರಿ ಕಂಬಿ ಕಾಣುತ್ತಿರುವ ಮನೆ, ಕಲ್ಲುಚಪ್ಪಡಿ ಹೊದಿಸಿದ ಮಹಡಿ, ಇವುಗಳಲ್ಲಿ ನಿಮ್ಮ ಧೈರ್ಯದ ಮೇಲೆ ಹೋಗಬೇಡಿ. ಒಬ್ಬ ಸಿವಿಲ್ ಇಂಜಿನಿಯರಿಗೆ ತೋರಿಸಿ. ಎಲ್ಲೇ ಆದರೂ ಬೂತ್ ಕೋಣೆಯ ನಡುವೆ ಬೇಡ. ಗೋಡೆ ಅಥವಾ ತೊಲೆಯ ಹತ್ತಿರದ ಮೂಲೆಯಲ್ಲಿ ಚಪ್ಪಡಿ ಬಾಗುವುದೂ ಕಡಿಮೆ, ಅದುರುವುದೂ ಕಡಿಮೆ.

ನೆಲದ ಮೇಲ್ಮೈಗೆ ಏನಾಗುತ್ತದೆ?

ಇದು ನನಗೆ ದುಡ್ಡು ಕೊಟ್ಟು ಕಲಿತ ಪಾಠ. ನಮ್ಮ ಹಾಲ್‌ನದು ಹಳೆಯ ಮೊಸಾಯಿಕ್ ನೆಲ, ಬಿಳಿ ಸಿಮೆಂಟಿನಲ್ಲಿ ಅಮೃತಶಿಲೆಯ ಚೂರು. ಎಂಟು ತಿಂಗಳ ನಂತರ ಸ್ವಚ್ಛ ಮಾಡಲೆಂದು ಬೂತ್ ಸರಿಸಿದರೆ ಎಂಟು ಕಂದು ಚೌಕಗಳು, ಒಂದೊಂದೂ ಎರಡಿಂಚು. ಸೋಪು, ಅಡುಗೆ ಸೋಡಾ, ನಿಂಬೆಹಣ್ಣು, ಎಲ್ಲ ಆಯಿತು. ಕಲೆ ಹೋಗಲಿಲ್ಲ. ನಿಂಬೆ ಹಚ್ಚಿದ್ದಂತೂ ದೊಡ್ಡ ತಪ್ಪು. ಅಮೃತಶಿಲೆಯನ್ನು ಆಮ್ಲ ಕರಗಿಸುತ್ತದೆ, ಅಲ್ಲಿ ಹೊಳಪೂ ಹೋಯಿತು. ಪಾಲಿಶ್ ಯಂತ್ರದವರಿಗೆ ಕೊಟ್ಟ ಹಣ ನನ್ನ ಅಡ್ವಾನ್ಸ್‌ನಿಂದ ಕಡಿತವಾಯಿತು, ಅದು ನ್ಯಾಯವೇ.

ರಬ್ಬರ್ ಬಿರುಕು ಬಿಡದಿರಲಿ ಎಂದು ಅದರಲ್ಲಿ ಎಣ್ಣೆ ಮತ್ತು ರಕ್ಷಕ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಅವು ನಿಧಾನವಾಗಿ ಮೇಲ್ಮೈಗೆ ಬಂದು ತಾಗಿದ್ದರೊಳಗೆ ಇಳಿಯುತ್ತವೆ. ಕಾರು ನಿಲ್ಲಿಸುವ ಜಾಗದ ಟೈಲ್ಸ್ ಮೇಲೆ ಉಳಿಯುವ ಟಯರಿನ ಕಂದು ಗುರುತು ಇದೇ. ಮೊಸಾಯಿಕ್, ಅಮೃತಶಿಲೆ, ರೆಡ್ ಆಕ್ಸೈಡ್ ನೆಲಗಳಿಗೆ ಸಣ್ಣ ರಂಧ್ರಗಳಿರುವುದರಿಂದ ಕಲೆ ಒಳಗೆ ಇಳಿಯುತ್ತದೆ. ವಿನೈಲ್ ಹಾಸಿದ್ದರೆ ಕಲೆ ಶಾಶ್ವತ. ವಿಟ್ರಿಫೈಡ್ ಟೈಲ್ಸ್ ಬಹುಮಟ್ಟಿಗೆ ಪಾರಾಗುತ್ತವೆ, ಆದರೆ ಅವಕ್ಕೆ ಬೇರೆ ಭಯವಿದೆ. ಟೈಲ್ಸ್ ಕೆಳಗೆ ಗಾರೆ ಸರಿಯಾಗಿ ತುಂಬದೆ ಟೊಳ್ಳು ಉಳಿದಿದ್ದರೆ, ಬೂತಿನ ಕಾಲು ಅಲ್ಲೇ ಕೂತರೆ, ಟೈಲ್ ಸೀಳುತ್ತದೆ. ನಾಣ್ಯದಿಂದ ತಟ್ಟುತ್ತಾ ಹೋಗಿ. ಡಬಡಬ ಎಂದ ಕಡೆ ಭಾರ ಇಡಬೇಡಿ.

ಈಗ ನನ್ನ ರಬ್ಬರ್ ತುಂಡುಗಳು ನೆಲ ಮುಟ್ಟುವುದಿಲ್ಲ. ಪ್ರತಿಯೊಂದರ ಕೆಳಗೆ ಒಂದಡಿ ಚೌಕದ ಪ್ಲೈ, ಅದರ ತಳಕ್ಕೆ ಬಣ್ಣ ಹಾಕದ ಬಿಳಿ ಫೆಲ್ಟ್ ಬಟ್ಟೆ. ಭಾರ ಹರಡುತ್ತದೆ, ಕಲೆ ಪ್ಲೈಗೆ ಹತ್ತುತ್ತದೆ, ಫೆಲ್ಟ್ ಗೀರು ಬೀಳದಂತೆ ಕಾಯುತ್ತದೆ. ಬಾಡಿಗೆ ಮನೆಯವರು ಬೂತ್ ಇಡುವ ಮೊದಲೇ ಆ ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ.

ನೆಲಮಹಡಿಯಲ್ಲಿ ಇನ್ನೆರಡು ಶತ್ರುಗಳು, ತೇವ ಮತ್ತು ಗೆದ್ದಲು. ಮಣ್ಣಿನಿಂದ ಏರುವ ತೇವ ಸಾಮಾನ್ಯವಾಗಿ ಕೋಣೆಯ ಗಾಳಿಗೆ ಆರಿಹೋಗುತ್ತದೆ. ಮೇಲೆ ಕಾರ್ಪೆಟ್ಟೋ ಪ್ಲಾಸ್ಟಿಕ್ಕೋ ಬಿಗಿಯಾಗಿ ಹಾಸಿದರೆ ಅಲ್ಲೇ ಸಿಕ್ಕಿಕೊಂಡು ಬೂಷ್ಟು ಕಟ್ಟುತ್ತದೆ, ಆ ವಾಸನೆ ಮುಚ್ಚಿದ ಬೂತಿನಲ್ಲಿ ಉಸಿರಾಡುವವರ ಮೂಗಿಗೇ ಬರುವುದು. ಗೆದ್ದಲಿಗೋ ಕತ್ತಲು, ತೇವ, ಯಾರೂ ಅಲುಗಿಸದ ಮರ ಎಂದರೆ ಹಬ್ಬ. ಬೂತ್ ಒಂದಿಂಚು ಎತ್ತರದಲ್ಲಿ ನಿಂತರೆ ಕೆಳಗೆ ಗಾಳಿಯಾಡುತ್ತದೆ, ಟಾರ್ಚ್ ಬಿಟ್ಟು ನೋಡಲೂ ಬರುತ್ತದೆ. ತುಂಡುಗಳ ಮೇಲೆ ಕೂರಿಸುವುದರ ಇನ್ನೊಂದು ಲಾಭವಿದು.

ಕಟ್ಟಿಸುವ ಮೊದಲು

ನಿಮ್ಮ ತೊಂದರೆ ನಿಜಕ್ಕೂ ನೆಲದಿಂದಲೇ ಬರುತ್ತಿದೆಯೇ ಎಂದು ಮೊದಲು ನೋಡಿಕೊಳ್ಳಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಫೋನಿನೊಳಗಿನ ಸಂವೇದಕದಿಂದ ಅದುರನ್ನು ಅಳೆಯುತ್ತದೆ. ಫೋನನ್ನು ಬರಿ ನೆಲದ ಮೇಲಿಟ್ಟು ರೈಲು ಹೋಗುವಾಗ ಒಮ್ಮೆ, ನಾಲ್ಕು ಮಡಿಕೆ ಕಂಬಳಿಯ ಮೇಲಿಟ್ಟು ಒಮ್ಮೆ ನೋಡಿ. ಅಷ್ಟೂ ಬೇಡವೆಂದರೆ, ಮೈಕ್ ಸ್ಟ್ಯಾಂಡನ್ನು ಕೈಯಲ್ಲಿ ಎತ್ತಿ ಹಿಡಿದು ರೆಕಾರ್ಡ್ ಮಾಡಿ. ಗುಡುಗು ಮಾಯವಾದರೆ ದಾರಿ ನೆಲ, ಉಳಿದರೆ ಗಾಳಿ.

ನೆಲವೇ ಆದರೆ, ಬರೀ ಮಾತು ರೆಕಾರ್ಡ್ ಮಾಡುವವರಿಗೆ ಅಗ್ಗದ ದಾರಿಗಳಿವೆ. ಮೈಕಿಗೆ ಶಾಕ್ ಮೌಂಟ್, ಸ್ಟ್ಯಾಂಡಿನ ಕೆಳಗೆ ದಪ್ಪ ಕಂಬಳಿ. ಆಮೇಲೆ ಸಾಫ್ಟ್‌ವೇರ್‌ನಲ್ಲಿ 80 ಹರ್ಟ್ಸ್‌ನ ಹೈ ಪಾಸ್ ಫಿಲ್ಟರ್: ಗಂಡು ದನಿಯ ತಳ ಸುಮಾರು 85 ಹರ್ಟ್ಸ್, ಹೆಣ್ಣು ದನಿಯದು 165ರ ಹತ್ತಿರ ಶುರುವಾಗುವುದರಿಂದ ಅದರ ಕೆಳಗಿನದನ್ನು ಕತ್ತರಿಸಿದರೆ ಮಾತಿಗೆ ನಷ್ಟವಿಲ್ಲ. ಇವಿಷ್ಟನ್ನು ನಾನು ಮೊದಲೇ ಮಾಡಿದ್ದರೆ ರಬ್ಬರ್ ಶೀಟಿನ ದುಡ್ಡು ಉಳಿಯುತ್ತಿತ್ತು. ತಬಲ, ಡ್ರಮ್ಸ್ ನುಡಿಸುವವರಿಗೆ, ಕೆಳಗೆ ಜನ ಇರುವವರಿಗೆ ಮಾತ್ರ ಸ್ಪ್ರಿಂಗ್ ಮೇಲಿನ ನೆಲ ಬೇಕೇ ಬೇಕು. ಫಿಲ್ಟರ್ ರೆಕಾರ್ಡಿಂಗನ್ನು ಸರಿ ಮಾಡುತ್ತದೆ, ಕೆಳಗಿನವರ ನಿದ್ದೆಯನ್ನಲ್ಲ.

ಗಾಳಿಯ ದಾರಿಯೇ ಆದರೆ ಸಂದುಗಳನ್ನು ನೋಡಿ. ಗೋಡೆಯ ನೂರನೇ ಒಂದು ಭಾಗ ತೆರೆದಿದ್ದರೂ ಆ ಗೋಡೆ ಎಷ್ಟೇ ದಪ್ಪವಿರಲಿ 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾರದು. ಬಾಗಿಲ ಕೆಳಗಿನ ಅರ್ಧ ಇಂಚು ಸಂದು ಸಾಕು. ಹಾಗಂತ ಪೂರ್ತಿ ಮುಚ್ಚಿ ಗಂಟೆಗಟ್ಟಲೆ ಕೂರಬೇಡಿ. ನನ್ನ ಅಳತೆಯ ಬೂತಿನಲ್ಲಿ ಒಬ್ಬರು ಒಂದು ಗಂಟೆ ಕೂತರೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ, ತಲೆ ಭಾರವಾಗುತ್ತದೆ. ನಾನು 15 ನಿಮಿಷಕ್ಕೊಮ್ಮೆ ಬಾಗಿಲು ತೆಗೆಯುತ್ತೇನೆ.

ಸ್ಟೂಲಿನ ಕಾಲುಗಳಿಗೆ ಈಗ ಫೆಲ್ಟ್ ಇದೆ, ಹತ್ತು ಗಂಟೆಯ ಮೇಲೆ ನಾನು ನಿಂತೇ ಓದುತ್ತೇನೆ. ಕಳೆದ ವಾರ ಅಜ್ಜಿಯನ್ನು ಕೇಳಿದೆ, ಈಗೇನಾದರೂ ಕೇಳಿಸುತ್ತಾ ಅಂತ. "ನೀನು ಊರಲ್ಲಿ ಇದ್ಯೋ ಇಲ್ವೋ ಅಂತ್ಲೇ ಗೊತ್ತಾಗಲ್ಲ" ಅಂದರು. ಗೂಡ್ಸ್ ರೈಲು ಮಾತ್ರ ಉದ್ದದ್ದು ಬಂದರೆ ಇನ್ನೂ ಒಂಚೂರು ತಿಳಿಯುತ್ತದೆ. ಆಗ ಪುಟ ತಿರುವಿ ಕಾಯುತ್ತೇನೆ.